ನಿಲ್ಲದೆ ಹೋದವನ ಹೆಂಡತಿ

ನಮ್ಮೂರು ಕೊಲ್ಬಸ್ಸೊದಲ್ಲಿ, ಕ್ರೋದೆ ಬೆಟ್ಟದ ಏರು ಶುರುವಾಗುವಲ್ಲೇ ಒಂದು ಬಾರ್ ಇದೆ. ಭಾನುವಾರ ಬೆಳಿಗ್ಗೆ ಅದರ ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳನ್ನು ಮಾರಿದರೆ ಒಂದು ಮನೆ ಕಟ್ಟಿಸಬಹುದು. ಬಿಗಿ ಅಂಗಿಯೊಳಗೆ ಹೊಟ್ಟೆ ತುರುಕಿಕೊಂಡ ಗಂಡಸರು ಒಳಗೆ ಕಾಫಿ ಹೀರುತ್ತಾ, ಏರನ್ನು ಇನ್ನಷ್ಟು ಹೊತ್ತು ಮುಂದೂಡಲು ಏನಾದರೊಂದು ಕಥೆ ಹೇಳುತ್ತಿರುತ್ತಾರೆ. ಹೆಚ್ಚಿನ ಸಲ ಅದು ನಮ್ಮಪ್ಪನ ಕಥೆ. ನಾನು ಒಳಗೆ ಬಂದದ್ದು ಕಂಡರೂ ನಿಲ್ಲಿಸುವುದಿಲ್ಲ. ದನಿಯನ್ನು ಒಂದಿಷ್ಟು ತಗ್ಗಿಸುತ್ತಾರೆ, ಅಷ್ಟೇ.

ಅವರ ಕಥೆ ಹೀಗೆ. ನೆವಿಯೊ ದಾಲ್ ಪೊಸ್ ಎಂಬ ಬಡಪಾಯಿ ಸವಾರನಿಗೆ ಅವನ ತಂಡದ ನಾಯಕ, ದೊಡ್ಡ ಮನಸ್ಸಿನ ರುಜ್ಜೇರೊ ತೊಸೆಲ್ಲಿ, ಸ್ಪರ್ಧೆಯ ನಡುವೆ ಸ್ವಂತ ಊರಲ್ಲಿ ನಿಂತು ಹೆಂಡತಿಗೆ ಮುತ್ತು ಕೊಟ್ಟು ಬರಲು ಅಪ್ಪಣೆ ಕೊಟ್ಟ. ಆ ಪುಣ್ಯಾತ್ಮ ನಿಲ್ಲದೆ ಓಡಿಹೋದ. ಸಿಕ್ಕಿಬಿದ್ದ. ಆದರೂ ನಾಯಕ ಕ್ಷಮಿಸಲು ಮನೆಬಾಗಿಲಿಗೇ ಬಂದ. ಇವನು ಅದನ್ನೂ ಕಾಲಲ್ಲಿ ಒದ್ದ. ಇಲ್ಲಿಗೆ ಬಂದಾಗ ಎಲ್ಲರೂ ತೊಡೆ ತಟ್ಟಿಕೊಂಡು ನಗುತ್ತಾರೆ. ಈ ಕಥೆಯಲ್ಲಿ ನಮ್ಮಮ್ಮನಿಗೆ ಹೆಸರೇ ಇಲ್ಲ. ಅವಳು 'ಕೂಸು ಎತ್ತಿಕೊಂಡು ನಿಂತಿದ್ದ ಹೆಂಗಸು'. ಆ ಕೂಸು ನಾನು. ಕೇಳಿದಾಗಲೆಲ್ಲ ಮೈಯೆಲ್ಲ ಉರಿದುಹೋಗುತ್ತದೆ. ಆದ್ದರಿಂದ ಅವರು ಬಿಟ್ಟದ್ದನ್ನು ನಾನು ಹೇಳುತ್ತೇನೆ.

ಅಮ್ಮನ ಹೆಸರು ಅರ್ಮಿದಾ. ಹುಟ್ಟಿದ್ದು ಕ್ರೋದೆ ಏರಿನ ಮೂರನೆಯ ತಿರುವಿನಲ್ಲಿ, ರಸ್ತೆ ರಿಪೇರಿಯ ಸರ್ಕಾರಿ ಆಳಿಗೆಂದು ಕಟ್ಟಿದ ಕೆಂಪು ಮನೆಯಲ್ಲಿ. ಮಳೆಗೆ ಮೇಲಿನಿಂದ ಉರುಳಿ ಬಂದ ಕಲ್ಲುಗಳನ್ನು ತಿರುವುಗಳಿಂದ ಗುಡಿಸುವುದು ಅವಳ ಅಪ್ಪನ ಕೆಲಸ. ಅವನಿಗೆ ಬೆನ್ನು ಹಿಡಿದುಕೊಂಡ ದಿನ ಅದು ಅಮ್ಮನ ಕೆಲಸ. ದೊಡ್ಡವಳಾದ ಮೇಲೆ ಕೆಳಗಿನ ಊರಿನ ಕಾರ್ಖಾನೆಯಲ್ಲಿ ರೇಸ್ ಸೈಕಲ್ಲಿಗೆ ಚರ್ಮದ ಸೀಟು ಹೊಲಿಯಲು ಸೇರಿದಳು. ದಬ್ಬಳ ಚುಚ್ಚಿ ಚುಚ್ಚಿ ಅವಳ ಬಲ ಹೆಬ್ಬೆರಳು ಇವತ್ತಿಗೂ ಕಲ್ಲಿನ ಹಾಗಿದೆ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. "ಇಟಲಿಯ ದೊಡ್ಡ ದೊಡ್ಡ ಮನುಷ್ಯರ ಕುಂಡೆ ಅಳತೆಯೆಲ್ಲ ನಂಗೊತ್ತು, ನಾನ್ಯಾಕೆ ಯಾರಿಗಾದ್ರೂ ಹೆದರ್ಲಿ?" ಎನ್ನುತ್ತಿದ್ದಳು.

ಅಪ್ಪ ಪರಿಚಯವಾದದ್ದು ಜಗಳದಲ್ಲೇ. ಬೆಳಿಗ್ಗೆ ಅಭ್ಯಾಸಕ್ಕೆ ಬೆಟ್ಟದಿಂದ ಇಳಿಯುತ್ತಿದ್ದವನು ತಿರುವಿನಲ್ಲಿ ಪೊರಕೆ ಹಿಡಿದು ನಿಂತಿದ್ದ ಹುಡುಗಿಯನ್ನು ನೋಡಿ, "ಏಯ್, ಜಾಗ ಬಿಡೇ!" ಎಂದು ಕೂಗಿದನಂತೆ. ಇವಳು ಕದಲಲಿಲ್ಲ. "ನೀನು ಬಿದ್ದು ಹಲ್ಲು ಮುರ್ಕೋಬಾರದು ಅಂತ ತಾನೆ ಗುಡಿಸ್ತಿರೋದು? ಇಳಿದು ನಡ್ಕೊಂಡು ಹೋಗು," ಎಂದಳು. ಅಪ್ಪ ಇಳಿದು ನಡೆದುಕೊಂಡು ಹೋದ. ಮರುದಿನವೂ ಅಲ್ಲಿ ಇಳಿದ, ಗುಡಿಸುವವರು ಯಾರೂ ಇಲ್ಲದಿದ್ದರೂ. ಚಳಿಗಾಲದಲ್ಲಿ ಮದುವೆಯಾಯಿತು. ಸವಾರರಿಗೆ ಬಿಡುವು ಸಿಗುವುದು ಆಗ ಮಾತ್ರ.

ಅಪ್ಪ ಸವಾರ ಎಂದರೆ ಪೇಪರಿನಲ್ಲಿ ಫೋಟೋ ಬರುವಂಥ ಸವಾರನಲ್ಲ. ಒಲೆ ತಯಾರಿಸುವ ಒಂದು ಕಂಪನಿಯ ತಂಡದಲ್ಲಿ ಅವನು ನೀರು ಹೊರುವವ. ಹಿಂದೆ ಬರುವ ಕಾರಿನಿಂದ ಬಾಟಲಿಗಳನ್ನು ಅಂಗಿಯೊಳಗೆ ತುಂಬಿಕೊಂಡು, ಸವಾರರ ಇಡೀ ಹಿಂಡನ್ನು ದಾಟಿ ಮುಂದೆ ಹೋಗಿ ನಾಯಕನಿಗೆ ಕೊಡಬೇಕು. ಗಾಳಿ ಎದುರಾದರೆ ನಾಯಕನ ಮುಂದೆ ಗೋಡೆಯಾಗಬೇಕು. ಅವನ ಚಕ್ರ ಪಂಕ್ಚರ್ ಆದರೆ ತನ್ನದನ್ನು ಬಿಚ್ಚಿಕೊಟ್ಟು ರಸ್ತೆ ಬದಿ ಕಾಯಬೇಕು. ಎಂಟು ವರ್ಷ ಅಪ್ಪ ಇದನ್ನೇ ಮಾಡಿದ. ಒಂದು ಸ್ಪರ್ಧೆಯನ್ನೂ ಗೆದ್ದವನಲ್ಲ.

ಗೆಲ್ಲಲಾರದವನಾಗಿದ್ದರೆ ಅಮ್ಮ ಏನೂ ಅನ್ನುತ್ತಿರಲಿಲ್ಲ. ನಾನು ಹುಟ್ಟಿದ ವರ್ಷದ ಮಾರ್ಚಿನಲ್ಲಿ ಇಡೀ ತಂಡ ಅಭ್ಯಾಸಕ್ಕೆಂದು ನಮ್ಮ ತಪ್ಪಲಿಗೆ ಬಂದಿತ್ತು. ದ್ರಾಕ್ಷಿ ತೋಟಗಳ ನಡುವಿನ ಏರಿಳಿತ, ಆಮೇಲೆ ಚೆಸ್ಟ್‌ನಟ್ ಮರಗಳ ನೆರಳಲ್ಲಿ ಒಂದರ ಮೇಲೊಂದು ತಿರುವು, ಕೊನೆಗೆ ಬರೀ ಬಂಡೆ. ಏರಿನ ಮೇಲೆ ಸವಾರರನ್ನು ಕೊಲ್ಲುವುದಕ್ಕೇ ಮಾಡಿದಂಥ ರಸ್ತೆ ಅದು. ಬಸುರಿ ಅಮ್ಮ ತವರಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು. ಉಳಿದವರೆಲ್ಲ ಎಲ್ಲೋ ಹಿಂದೆ. ಮುಂದೆ ತೊಸೆಲ್ಲಿ, ಬಾಯಿ ತೆರೆದುಕೊಂಡು. ಅವನ ಪಕ್ಕ ಅರ್ಧ ಚಕ್ರ ಹಿಂದೆ ಅಪ್ಪ, ಬಾಯಿ ಮುಚ್ಚಿಕೊಂಡು. ಅಪ್ಪನ ಎರಡು ಬೆರಳು ಬ್ರೇಕಿನ ಮೇಲಿದ್ದವು.

"ಬ್ರೇಕ್ ಹಿಡ್ಕೊಂಡು ಏರು ಹತ್ತೋ ಗಂಡಸನ್ನ ಎಲ್ಲಾದ್ರೂ ನೋಡಿದ್ದೀಯೇನೇ?" ಎಂದು ಅವಳು ನನ್ನನ್ನು ಎಷ್ಟೋ ಸಲ ಕೇಳಿದ್ದಾಳೆ. ಅಂದು ಸಂಜೆ ಅಪ್ಪನನ್ನೂ ಕೇಳಿದಳಂತೆ. ಅಪ್ಪ, "ಅದು ನನ್ನ ಕೆಲಸ ಅರ್ಮಿದಾ," ಎಂದು ಹೇಳಿ ಸೂಪಿನ ಬಟ್ಟಲಿಗೆ ಮುಖ ಹಾಕಿದ.

ನಾನು ಹುಟ್ಟಿದಾಗ ಅಪ್ಪ ದೂರದಲ್ಲೆಲ್ಲೋ ಒಂದು ಸ್ಪರ್ಧೆಯಲ್ಲಿದ್ದ. ಅದು ಮುಗಿಯಿತು, ಇನ್ನೊಂದು ಶುರುವಾಗುವುದರಲ್ಲಿತ್ತು. ನಡುವೆ ಮಗುವನ್ನು ನೋಡಿ ಬರಲು ಎರಡು ದಿನ ರಜೆ ಕೇಳಿದ. ತೊಸೆಲ್ಲಿ ಅವನ ಬೆನ್ನು ತಟ್ಟಿ, "ಈ ಸಲದ ದಾರಿ ನಿಮ್ಮೂರ ಮೇಲೇ ಹೋಗುತ್ತಲ್ಲೋ, ಆಗ ನೋಡುವಿಯಂತೆ. ಮುತ್ತಿನ ಅಪ್ಪಣೆ ಕೊಡಿಸ್ತೀನಿ," ಎಂದ. ಬಾರಿನವರು ಹೇಳುವ ದೊಡ್ಡ ಮನಸ್ಸು ಇದು. ರಜೆ ಕೊಡದವನು ಮುತ್ತು ಕೊಟ್ಟ.

ಈ ಮುತ್ತಿನ ಅಪ್ಪಣೆ ಸವಾರರಲ್ಲಿ ಹಳೆಯ ಪದ್ಧತಿ. ದಾರಿ ಯಾರದಾದರೂ ಊರ ಮೇಲೆ ಹಾದುಹೋದರೆ ಹಿಂಡು ವೇಗ ತಗ್ಗಿಸಿ ಅವನೊಬ್ಬನನ್ನು ಮುಂದೆ ಬಿಡುತ್ತದೆ. ಅವನು ಊರಲ್ಲಿ ಇಳಿದು, ಹೆಂಡತಿ ಮಕ್ಕಳನ್ನು ಮುದ್ದಾಡಿ, ಒಂದು ಗುಟುಕು ವೈನ್ ಕುಡಿದು, ಹಿಂಡು ಬಂದಾಗ ಮತ್ತೆ ಸೇರಿಕೊಳ್ಳಬೇಕು. ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೆ ಅದನ್ನು ಮುರಿದವರು ಯಾರೂ ಇರಲಿಲ್ಲ.

ಆ ದಿನ ಊರಿಗೆ ಊರೇ ಚೌಕದಲ್ಲಿತ್ತು. ಬ್ಯಾಂಡಿನವರು, ಬಿಳಿ ಬಟ್ಟೆ ಹಾಸಿದ ಮೇಜು, ಅದರ ಮೇಲೆ ವೈನ್, ಹಂದಿಮಾಂಸದ ಸೊಪ್ರೆಸ್ಸಾ. ಪಾದ್ರಿ ದೊನ್ ಪ್ಲಾಚಿದೊ ಇಸ್ತ್ರಿ ಮಾಡಿದ ನಿಲುವಂಗಿಯಲ್ಲಿ ಬಂದಿದ್ದರು. ಬಾಣಂತಿಗೆಂದು ಒಂದು ಕುರ್ಚಿ ಹಾಕಿದ್ದರು. ನನಗಾಗ ಮೂರು ವಾರ. ಅಮ್ಮನಿಗೆ ಹೊಲಿಗೆಯ ನೋವು ಇನ್ನೂ ಇತ್ತು. ಆದರೂ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ನಿಂತಳು.

"ಕೂತ್ಕೊಳೇ, ಬಿದ್ಗಿದ್ದೀಯ," ಎಂದರು ಅಪ್ಪನ ಅಮ್ಮ, ಜೆಲ್ಮಜ್ಜಿ.

"ಕೂತ್ರೆ ಅವನಿಗೆ ಕಾಣಲ್ಲ ಅತ್ತೆ. ಈ ಜನರ ಕುಂಡೆಗಳ ಮಧ್ಯೆ ಎಲ್ಲಿ ಹುಡುಕ್ತಾನೆ?" ಎಂದಳು ಅಮ್ಮ.

ಅಪ್ಪ ಬಂದ. ಚರ್ಚಿನ ಪಕ್ಕದ ತಿರುವಿನಿಂದ ಒಬ್ಬನೇ, ಸೀಟಿನ ಮೇಲೆ ನೆಟ್ಟಗೆ ಕುಳಿತು, ಮೆಲ್ಲಗೆ. ಬ್ಯಾಂಡಿನವರು ಶುರುಮಾಡಿದರು. ಅಮ್ಮ ನನ್ನನ್ನು ಎದೆಯಿಂದ ಮೇಲಕ್ಕೆತ್ತಿ ಹಿಡಿದಳು. ಅಪ್ಪ ನೋಡಿದ. ನೋಡಿದ ಎಂದು ಅಮ್ಮ ಶಿಲುಬೆ ಮುಟ್ಟಿ ಹೇಳುತ್ತಾಳೆ. ಮರುಕ್ಷಣ ಅವನ ಕೈಗಳು ಹ್ಯಾಂಡಲಿನ ಮೇಲಿನಿಂದ ಕೆಳಗಿನ ಬಾಗಿಗೆ ಜಾರಿದವು. ವೇಗ ಹಿಡಿಯಬೇಕಾದಾಗ ಸವಾರ ಕೈ ಇಡುವುದು ಅಲ್ಲಿ. ಅಮ್ಮನಿಗೆ ಅರ್ಥವಾಯಿತು. ಅವಳೊಬ್ಬಳಿಗೇ ಅರ್ಥವಾಯಿತು. ಅಪ್ಪ ಅವಳ ಮುಂದೆ ಎರಡು ಮೊಳ ದೂರದಲ್ಲಿ ಹಾದು, ಮೇಜಿನ ಬಟ್ಟೆ ಹಾರುವಂತೆ ಹೊರಟುಹೋದ.

ಆಮೇಲೆ ಇಡೀ ಊರಿಗೆ ಹುಚ್ಚು ಹಿಡಿಯಿತು. "ಹೋಗು ನೆವಿಯೊ! ಹೋಗು, ಹೋಗು!" ಎಂದು ಕಿರುಚುತ್ತಾ ಅವನ ಹಿಂದೆ ಕ್ರೋದೆ ಏರಿನ ಕಡೆಗೆ ಓಡಿದರು. ಬ್ಯಾಂಡಿನವರು ಓಡಿದರು. ಅಮ್ಮನ ಮಾವ, ಅಂದರೆ ನನ್ನಜ್ಜ, ಓಡಿದ. ದೊನ್ ಪ್ಲಾಚಿದೊ ನಿಲುವಂಗಿ ಎತ್ತಿಕೊಂಡು ಓಡಿದರು. ಚೌಕದಲ್ಲಿ ಉಳಿದವಳು ಕೂಸನ್ನು ಎತ್ತಿ ಹಿಡಿದೇ ನಿಂತಿದ್ದ ಅಮ್ಮ. ಒಬ್ಬರೂ ತಿರುಗಿ ನೋಡಲಿಲ್ಲ. ಇದನ್ನು ಬರೆಯುವಾಗಲೂ ನಾನು ಹಲ್ಲು ಕಡಿಯುತ್ತೇನೆ.

ಸ್ವಲ್ಪ ಹೊತ್ತಿಗೆ ಹಿಂಡು ಬಂತು. ಮುಂದಾಳು ತೊಸೆಲ್ಲಿ, ಮುಖ ಕಪ್ಪಿಟ್ಟಿತ್ತು. ಅಪ್ಪ ಎಲ್ಲೂ ನಿಂತಿಲ್ಲ ಎಂಬುದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಯಾವನೋ ಒಬ್ಬ ಅಮ್ಮನತ್ತ ಕೈ ಬೀಸಿ, "ನಿನ್ನ ಗಂಡ ಕಳ್ಳ ಕಣೇ! ಅವನ ಕಥೆ ಮುಗೀತು!" ಎಂದು ಕೂಗಿದ. ಇನ್ನೊಬ್ಬ ಮೇಜಿನ ಕಡೆಗೆ ಉಗುಳಿದ. ಅವರೆಲ್ಲ ಹಾದುಹೋದ ಮೇಲೆ ಅಮ್ಮ ನನ್ನನ್ನು ಶಾಲಿನಲ್ಲಿ ಸುತ್ತಿಕೊಂಡು ಮನೆಗೆ ನಡೆದು ಬಾಗಿಲು ಹಾಕಿಕೊಂಡಳು. ಊರಿನವರು ಬಾರಿನಲ್ಲಿ ರೇಡಿಯೊ ಸುತ್ತ ಸೇರಿದರು.

ಅಪ್ಪ ಕ್ರೋದೆಯನ್ನು ಒಬ್ಬನೇ ಹತ್ತಿ ಇಳಿದ. ಆಚೆ ಕಣಿವೆಯಲ್ಲಿ ಎದುರುಗಾಳಿ. ಅವನನ್ನು ಹಿಡಿಯಲು ಹಿಂಡಿನ ಮುಂದೆ ನಿಂತು ಎಳೆದವರು ಯಾರು? ಬೇರೆ ತಂಡದವರಲ್ಲ. ಅವನದೇ ತಂಡದ ಆರು ಮಂದಿ, ಅದೇ ಬಣ್ಣದ ಅಂಗಿಯವರು, ಎಂಟು ವರ್ಷ ಅವನು ಹೊತ್ತ ನೀರು ಕುಡಿದವರು. ತೊಸೆಲ್ಲಿಯ ಆಜ್ಞೆ. ಸ್ಪರ್ಧೆ ಮುಗಿಯುವ ಊರಿನ ಗೋಪುರ ಕಣ್ಣಿಗೆ ಕಾಣುವಷ್ಟರಲ್ಲಿ ಹಿಡಿದರು. ಹಿಡಿದು ಅವನ ಸುತ್ತ ಜಾಗವೇ ಬಿಡದೆ ರಸ್ತೆಯಂಚಿನ ಜಲ್ಲಿಗೆ ಒತ್ತಿದರು. ಗೆದ್ದವನು ಬೇರೆ ತಂಡದ ಒಬ್ಬ ಬೆಲ್ಜಿಯಂನವನು. ತಮ್ಮವನು ಗೆಲ್ಲುವುದಕ್ಕಿಂತ ಅದೇ ವಾಸಿ ಎನಿಸಿತು ಅವರಿಗೆ. ಅಪ್ಪ ಎಲ್ಲರಿಗಿಂತ ಕೊನೆಗೆ ಬಂದ. ಸಂಜೆಯೇ ತಂಡದ ವ್ಯವಸ್ಥಾಪಕ ಅವನಿಗೆ ಮನೆಗೆ ಹೋಗು ಎಂದ.

ಮರುದಿನ ಬೆಳಿಗ್ಗೆ ಬಸ್ಸಿಳಿದು, ಸೈಕಲ್ ತಳ್ಳಿಕೊಂಡು ಅಪ್ಪ ಅಂಗಳಕ್ಕೆ ಬಂದ. ಅಮ್ಮ ಅಳಲಿಲ್ಲ, ಬೈಯಲಿಲ್ಲ. ನನ್ನನ್ನು ತಂದು ಅವನ ಎರಡು ಕೈಗೆ ಇಟ್ಟಳು.

"ನಿಂತ್ಕೋ," ಎಂದಳು.

"ಅರ್ಮಿದಾ, ಕೇಳು..."

"ನಿನ್ನೆ ನಿಲ್ಲಬೇಕಿತ್ತು. ಇವತ್ತು ನಿಂತ್ಕೋ. ನಾನು ಹೇಳೋವರೆಗೂ ಅಲ್ಲಾಡಬೇಡ."

ಸವಾರರ ತೋಳು ಕಡ್ಡಿಯ ಹಾಗೆ. ಅಪ್ಪ ಬಿಸಿಲಲ್ಲಿ, ಅಂಗಳದ ನಡುವೆ, ನನ್ನನ್ನು ಹಿಡಿದು ನಿಂತೇ ಇದ್ದ. ನಾನು ಅವನ ಅಂಗಿ ಒದ್ದೆ ಮಾಡಿದೆ. ಜೆಲ್ಮಜ್ಜಿ ಕಿಟಕಿಯಿಂದ, "ಸಾಕು ಬಿಡೇ, ಮಗು ಬೀಳಿಸ್ತಾನೆ!" ಎಂದು ಗೋಗರೆದರು. ಅಮ್ಮ ಬಟ್ಟೆ ಒಗೆದು, ಹಿಂಡಿ, ಒಣಹಾಕಿ ಮುಗಿಸಿದ ಮೇಲೆ ಬಂದು ಎದುರಿಗೆ ನಿಂತಳು.

"ಈಗ ಹೇಳು. ಯಾಕೆ?"

ಅಪ್ಪ ನನ್ನನ್ನು ಎದೆಗೆ ಒರಗಿಸಿಕೊಂಡ. "ರಸ್ತೆ ಖಾಲಿ ಇತ್ತು ಅರ್ಮಿದಾ. ಎಂಟು ವರ್ಷದಲ್ಲಿ ಮೊದಲನೇ ಸಲ ನನ್ನ ಮುಂದೆ ಯಾರ ಬೆನ್ನೂ ಇರ್ಲಿಲ್ಲ."

"ಬೆನ್ನಿಲ್ದೇ ಇರ್ಬಹುದು," ಎಂದಳು ಅಮ್ಮ. "ನಾನಿದ್ದೆ."

ಆಮೇಲೆ ಶುರುವಾಯಿತು ಊರಿನ ಸರದಿ. ಹೋಗು ಹೋಗು ಎಂದು ಗಂಟಲು ಹರಿದುಕೊಂಡವರೇ ಈಗ ಬಾರಿನಲ್ಲಿ, "ಕೊಟ್ಟ ಮಾತು ಮುರಿದುಬಿಟ್ಟ, ನಮ್ಮೂರ ಮಾನ ಕಳೆದ," ಎನ್ನತೊಡಗಿದರು. ಗಾಳಿ ಬಂದಾಗ ತೂರಿಕೋ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು. ಅಪ್ಪ ಒಂದೇ ಒಂದು ಸಲ ತೂರಿಕೊಂಡದ್ದು ಮಾತ್ರ ತಪ್ಪಾಯಿತು. ವಾರದ ಕೊನೆಗೆ ವ್ಯವಸ್ಥಾಪಕ ಬಾರಿನ ಫೋನಿಗೆ ಕರೆ ಮಾಡಿದ. ತೊಸೆಲ್ಲಿ ಭಾನುವಾರ ಖುದ್ದು ಕೊಲ್ಬಸ್ಸೊಗೆ ಬರುತ್ತಾನೆ, ಜೊತೆಗೆ ತಂಡದವರು, ಪತ್ರಿಕೆಯವನೊಬ್ಬ. ಎಲ್ಲರ ಎದುರು ನೆವಿಯೊ ತಪ್ಪಾಯಿತು ಎನ್ನಬೇಕು, ತನ್ನ ಕೈಯಾರೆ ನಾಯಕನಿಗೆ ಒಂದು ಬಾಟಲಿ ನೀರು ಕೊಡಬೇಕು. ಹಾಗೆ ಮಾಡಿದರೆ ಬರುವ ವರ್ಷವೂ ಕೆಲಸವಿದೆ. ಇಲ್ಲದಿದ್ದರೆ ಇಲ್ಲ, ಈ ತಂಡದಲ್ಲೂ ಇಲ್ಲ, ಬೇರೆ ಯಾವ ತಂಡದಲ್ಲೂ ಇಲ್ಲ. ಹಿಂಡಿಗೆ ಮರೆವು ಎಂಬುದಿಲ್ಲ.

ಅಪ್ಪನಿಗೆ ಸೈಕಲ್ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಬಾಡಿಗೆ ಮನೆ, ಒಂದು ತಿಂಗಳ ಮಗು. ಅವನು ಒಪ್ಪಿಕೊಂಡ. ಅಜ್ಜ ಖುಷಿಯಾದ. ದೊನ್ ಪ್ಲಾಚಿದೊ ಬಂದು ವಿನಯದ ಬಗ್ಗೆ ಮಾತಾಡಿದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಮ್ಮ ಅವರಿಗೆ ಕಾಫಿ ಕೊಟ್ಟು ಕೇಳಿದಳಂತೆ: "ಮುನ್ನೂರು ಜನ ಇದ್ರಿ ಚೌಕದಲ್ಲಿ. ಇದುವರೆಗೆ ಒಬ್ಬರಾದ್ರೂ ಬಂದು, ಅರ್ಮಿದಾ, ನಿನಗೆ ಹೇಗಾಯ್ತು ಅಂತ ಕೇಳಿದ್ರಾ? ನೀವು ಕೇಳಿದ್ರಾ?" ದೊನ್ ಪ್ಲಾಚಿದೊ ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಭಾನುವಾರ ಬಂತು. ಅತಿಥಿಗಳಿಗೆಂದು ಜೆಲ್ಮಜ್ಜಿ ಬೆಳಗಿನಿಂದ ಮೊಲದ ಸಾರು ಕುದಿಸಿ, ಮುಸುಕಿನ ಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದರು. ತೊಸೆಲ್ಲಿ ತಂಡದವರೊಡನೆ ಸೈಕಲ್ಲಿನಲ್ಲೇ ಬಂದ, ತಲೆಗೂದಲು ಒಂದಿಷ್ಟೂ ಕೆದರದೆ. ನಮ್ಮ ಅಂಗಳದ ಗೋಡೆಯ ಮೇಲೆಲ್ಲ ಜನ. ಅಪ್ಪ ಮದುವೆಯ ಅಂಗಿ ತೊಟ್ಟು, ಕೈಯಲ್ಲಿ ಬಾಟಲಿ ಹಿಡಿದು ನಿಂತಿದ್ದ. ತೊಸೆಲ್ಲಿ ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದ. ಪತ್ರಿಕೆಯವನು ಕ್ಯಾಮೆರಾ ಎತ್ತಿದ.

"ನೋಡು ನೆವಿಯೊ," ಎಂದ ತೊಸೆಲ್ಲಿ, ಎಲ್ಲರಿಗೂ ಕೇಳುವಂತೆ. "ನಂಗೇನೂ ದ್ವೇಷ ಇಲ್ಲ. ಆದ್ರೆ ಅಪ್ಪಣೆ ಕೊಟ್ಟವನು ನಾನು. ನಿನ್ನ ಹೆಂಡ್ತಿಗೆ ಮುತ್ತು ಕೊಡೋಕೆ ಹೋಗು ಅಂತ ನಾನೇ ಹೇಳಿದ್ದೆ. ನೀನು ನನಗೆ ಅವಮಾನ ಮಾಡ್ದೆ."

ಅಡಿಗೆಮನೆಯ ಬಾಗಿಲು ತೆರೆಯಿತು. ಅಮ್ಮ ನನ್ನನ್ನು ಎಡಗೈಯಲ್ಲಿ ಎತ್ತಿಕೊಂಡು ಹೊರಗೆ ಬಂದಳು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

"ನಿಮಗಲ್ಲಮ್ಮ ಹೇಳಿದ್ದು," ಎಂದ ತೊಸೆಲ್ಲಿ ನಗುತ್ತಾ. "ಇದು ಗಂಡಸರ ವಿಷಯ, ರಸ್ತೆಯ ವಿಷಯ."

"ಚೌಕದಲ್ಲಿ ನಿಂತಿದ್ದು ನಾನು. ಹೊಟ್ಟೆಗೆ ಹೊಲಿಗೆ ಹಾಕಿಸ್ಕೊಂಡು ನಿಂತಿದ್ದು ನಾನು. ಎಲ್ಲರೂ ನೋಡ್ತಿರುವಾಗ ನನ್ನ ಗಂಡ ದಾಟ್ಕೊಂಡು ಹೋಗಿದ್ದು ನನ್ನನ್ನ. ಅವಮಾನ ಯಾರಿಗಾಯ್ತು ಸ್ವಾಮಿ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರೆ. ಇಲ್ಲಿ ಬರೆ ಬಿದ್ದಿದ್ದು ನನಗೆ, ಅಯ್ಯೋ ಅಂತಿರೋರು ನೀವು!"

ಗೋಡೆಯ ಮೇಲೆ ಯಾರೋ ಕಿಸಕ್ಕೆಂದರು. ಅಜ್ಜ, "ಒಳಗೆ ಹೋಗೇ!" ಎಂದು ಗದರಿದ. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

"ನನ್ನ ಗಂಡ ನನಗೆ ಮುತ್ತು ಕೊಡೋಕೆ ಅಪ್ಪಣೆ ಕೊಡಕ್ಕೆ ನೀವ್ಯಾರು? ರಾಜನನ್ನೇ ಗಡಿ ದಾಟಿಸಿ ಕಳಿಸಿದ ದೇಶ ಇದು. ನೀವು ಯಾವ ಊರ ದೊರೆ? ಎರಡು ದಿನ ರಜೆ ಕೇಳಿದ್ರೆ ಕೊಡಲಿಲ್ಲ. ಮಗು ಮುಖ ಎರಡು ನಿಮಿಷ ನೋಡಿ ಬಾ ಅಂತ ಭಿಕ್ಷೆ ಹಾಕಿದ್ರಿ. ಆ ಭಿಕ್ಷೆಗೆ ಈಗ ಲೆಕ್ಕ ಕೇಳಕ್ಕೆ ಬಂದಿದ್ದೀರಿ!"

"ರಸ್ತೆಗೂ ಒಂದು ಕಾನೂನಿದೆ ಕಣಮ್ಮ," ಎಂದ ತೊಸೆಲ್ಲಿ. ಈಗ ನಗುತ್ತಿರಲಿಲ್ಲ.

"ಕಾನೂನಾ? ಮಾರ್ಚಲ್ಲಿ ಈ ಏರಿನ ಮೇಲೆ ಅವನು ಬ್ರೇಕ್ ಹಿಡ್ಕೊಂಡು ನಿನ್ನ ಪಕ್ಕ ಬಂದ್ನಲ್ಲ, ಅದು ಯಾವ ಕಾನೂನು? ನಾನು ಕಿಟಕಿಯಿಂದ ನೋಡ್ತಿದ್ದೆ. ನಿನ್ನ ಬಾಯೊಳಗೆ ನೊಣ ಹೋಗಿ ಬರ್ತಿತ್ತು!" ಅಮ್ಮ ಬಹುವಚನ ಬಿಟ್ಟದ್ದನ್ನು ಯಾರೂ ಗಮನಿಸಿದಂತಿರಲಿಲ್ಲ. "ನೀನು ಕೂರೋ ಸೀಟು ಹೊಲಿಯೋಳು ನಾನು. ನಿನ್ನ ಭಾರ ಎಷ್ಟು ಅಂತ ನಂಗೊತ್ತು."

ತಂಡದ ಆರು ಮಂದಿ ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು. ತೊಸೆಲ್ಲಿ ಅಪ್ಪನ ಕಡೆ ತಿರುಗಿ, "ನೀನು ಹೇಳ್ತೀಯೋ, ನಾನು ಎದ್ದು ಹೋಗ್ಲೋ?" ಎಂದ.

ಅಮ್ಮ ಅಡ್ಡ ಬಂದಳು. ಅಪ್ಪನ ಮುಂದೆ ನಿಂತು ಹೇಳಿದಳು: "ತಪ್ಪಾಯ್ತು ಅನ್ನೋದಿದ್ರೆ ಅನ್ನು. ನಿನ್ನ ಕೆಲಸ ಕಿತ್ಕೊಳ್ಳಲ್ಲ ನಾನು. ಆದ್ರೆ ಮೊದಲು ನನಗೆ ಹೇಳು. ಇಲ್ಲೇ, ಇವರ ಮುಂದೆ. ಅಷ್ಟು ಹೊತ್ತು ಇವರು ಕಾಯ್ಲಿ."

ಅಪ್ಪ ಬಾಟಲಿಯನ್ನು ನೆಲದ ಮೇಲೆ ಇಟ್ಟ. ನಾಯಕನಿಗೆ ಬೆನ್ನು ಮಾಡಿ ಅಮ್ಮನ ಕಡೆಗೆ ತಿರುಗಿದ. ಗೋಡೆಯ ಮೇಲಿದ್ದವರೆಲ್ಲ, ಕಾಣಲಿಲ್ಲ, ಬಿಸಿಲು ಕಣ್ಣಿಗೆ ಹೊಡೀತಿತ್ತು, ಕಾಲು ತಾನಾಗೇ ತುಳೀತು, ಹೀಗೇನಾದರೂ ಹೇಳುತ್ತಾನೆ ಎಂದುಕೊಂಡಿದ್ದರು.

"ನಿನ್ನನ್ನ ನೋಡಿದೆ," ಎಂದ ಅಪ್ಪ. "ಮಗೂನೂ ನೋಡಿದೆ. ನೋಡೇ ಹೋದೆ. ತಪ್ಪು ಅಂತ ಗೊತ್ತಿದ್ದೂ ಹೋದೆ. ನಿನಗೆ ಮಾತ್ರ ತಪ್ಪಾಯ್ತು ಅರ್ಮಿದಾ."

"ಗೊತ್ತು," ಎಂದಳು ಅಮ್ಮ. "ನಾನು ಕ್ಷಮಿಸಲ್ಲ."

"ಗೊತ್ತು," ಎಂದ ಅಪ್ಪ.

"ಮತ್ತೆ ನನಗೆ?" ಎಂದ ತೊಸೆಲ್ಲಿ ಕುರ್ಚಿಯಿಂದಲೇ.

ಅಪ್ಪ ತಿರುಗಿದ. "ನಿಮಗೇನೂ ಉಳಿದಿಲ್ಲ," ಎಂದ.

ಮೊಲದ ಸಾರನ್ನು ಅಂದು ಯಾರೂ ಮುಟ್ಟಲಿಲ್ಲ. ಬೇರೆ ಯಾವ ತಂಡವೂ ಅಪ್ಪನನ್ನು ಕರೆಯಲಿಲ್ಲ. ಪಿಯಾವೆ ನದಿಯ ದಂಡೆಯ ಜಲ್ಲಿ ಕ್ವಾರಿಯಲ್ಲಿ ಕೆಲಸಕ್ಕೆ ಸೇರಿ, ನಿವೃತ್ತನಾಗುವವರೆಗೆ ಅಲ್ಲೇ ದುಡಿದ. ಮೊದಲ ವರ್ಷ ಸೈಕಲ್ಲನ್ನು ಮಾರುತ್ತೇನೆ ಎಂದಿದ್ದನಂತೆ. ಅಮ್ಮ, "ಮಾರು ನೋಡೋಣ, ನಿನ್ನನ್ನೂ ಜೊತೆಗೆ ಮಾರ್ತೀನಿ," ಎಂದಳು. ಭಾನುವಾರಗಳಲ್ಲಿ ಜೇಬಿಗೆ ಜಾಮ್ ಸವರಿದ ಬ್ರೆಡ್ ತುರುಕಿ ಹೊರಗೆ ದಬ್ಬುತ್ತಿದ್ದಳು. ಅವನು ಒಬ್ಬನೇ ಕ್ರೋದೆ ಹತ್ತುತ್ತಿದ್ದ, ಬ್ರೇಕ್ ಹಿಡಿಯದೆ. ಊಟದ ಹೊತ್ತಿಗೆ ಬಂದರೆ ಮತ್ತೆ ಜಗಳ. ಉಪ್ಪು ಹೆಚ್ಚಾಯಿತು ಎಂದು ಅಪ್ಪ ಹೇಳಿದರೂ ಸಾಕು, ಮಾತು ಆ ಚೌಕಕ್ಕೇ ಹೋಗಿ ನಿಲ್ಲುತ್ತಿತ್ತು. ಹೊರಗಿನವರು ಯಾರಾದರೂ ಅಪ್ಪನನ್ನು ಒಂದು ಮಾತು ಅಂದರೆ ಮಾತ್ರ ಅಮ್ಮ ಅವರ ಗಂಟಲು ಹಿಡಿಯುತ್ತಿದ್ದಳು. ಅವನ ಮೇಲೆ ಸಿಟ್ಟಾಗುವ ಹಕ್ಕನ್ನು ಅವಳು ಯಾರಿಗೂ ಬಿಟ್ಟುಕೊಡಲಿಲ್ಲ.

ಅಪ್ಪ ತೀರಿಕೊಂಡು ಎರಡು ಚಳಿಗಾಲ ಕಳೆಯಿತು. ಮೊನ್ನೆ ಬಾರಿನಲ್ಲಿ ಮತ್ತೆ ಆ ನಗು ಕೇಳಿ, ಕಾಫಿ ಕುಡಿಯದೆ ಎದ್ದು ಬಂದೆ. ಅಮ್ಮ ಅಂಗಳದಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದಳು. ನಾನೂ ಕುಳಿತು ಬಿಡಿಸತೊಡಗಿದೆ. ಎಂದೂ ಕೇಳದಿದ್ದ ಒಂದು ಪ್ರಶ್ನೆ ಬಾಯಿಗೆ ಬಂತು.

"ಅಮ್ಮಾ, ಅಪ್ಪ ಅವತ್ತು ಗೆದ್ದುಬಿಟ್ಟಿದ್ರೆ ಕ್ಷಮಿಸ್ತಿದ್ಯಾ?"

"ಗೆದ್ದಿದ್ರೂ ಇಲ್ಲ." ತಲೆ ಎತ್ತದೆ ಹೇಳಿದಳು. ಎರಡು ಕಾಯಿ ಬಿಡಿಸಿದ ಮೇಲೆ ಕೈ ನಿಂತಿತು. "ನನ್ನನ್ನ ದಾಟ್ಕೊಂಡು ಹೋದ. ಸರಿ, ಹೋದ. ಹಾಗೆ ಹೋದವನು ಅವರ ಕೈಗೆ ಸಿಗಬಾರದಾಗಿತ್ತು ಕಣೇ ನಿವೆಸ್. ಅವನ ನೀರು ಕುಡಿದ ಆರು ಜನ ಸೇರ್ಕೊಂಡು ಹಿಡಿದ್ರಲ್ಲ, ಅದು ನನಗೆ ಇವತ್ತಿಗೂ ಸುಡುತ್ತೆ. ಬಾಗಿಲು ಹಾಕ್ಕೊಂಡು ನಾನೇನು ಮಾಡ್ದೆ ಅಂದ್ಕೊಂಡಿದ್ದೀಯಾ? ನಮ್ಮ ಮನೇಲೂ ರೇಡಿಯೊ ಇತ್ತು. ನಿನಗೆ ಹಾಲು ಕುಡಿಸ್ತಾ, ಅವನ ಹೆಸರು ಹಿಡಿದು ಬಾಯಿಗೆ ಬಂದ ಹಾಗೆ ಬೈತಾ, ಹೋಗು, ಹೋಗು, ಹೋಗು ಅಂತಿದ್ದೆ. ಊರೆಲ್ಲಕ್ಕಿಂತ ಜೋರಾಗಿ ನಾನೇ ಕೂಗಿರಬೇಕು."

"ಅಪ್ಪನಿಗೆ ಇದನ್ನ ಹೇಳಿದ್ಯಾ?"

"ಯಾಕೆ ಹೇಳ್ಲಿ?" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಸಿಟ್ಟೇ ಇತ್ತು. "ಅವನು ನಿಲ್ಲಲಿಲ್ಲವಲ್ಲ."